ಒಂದು ದಿನ ಮೊದಲು ಬಿದ್ದ ಹಾರೈಕೆ

ಯಾಕೋಬ್ ವೆಲ್ಟರ್ ನಮ್ಮ ರೋರ್‌ಷೈಟ್ ಊರಿನವನು. ಗಣಿಯಲ್ಲಿ ಕರಿಚಪ್ಪಡಿ ಸೀಳಿ ಊರಿನ ಅರ್ಧ ಮನೆಗಳಿಗೆ ಮಾಡು ಹೊದಿಸಿದವನು. ಬೇಸಿಗೆಯ ಮೇಲೆ ಬೇಸಿಗೆ ಆಲೂಗಡ್ಡೆ ನೆಲದೊಳಗೇ ಕೊಳೆತು, ಮೇಲೆ ಚಪ್ಪಡಿಯಿದ್ದರೂ ಕೆಳಗೆ ಒಲೆ ಹೊತ್ತದ ಕಾಲ ಬಂದಾಗ ಅವನು ಹೆಂಡತಿ, ಐದು ಮಕ್ಕಳು, ಒಂದು ಕೊಡಲಿ ಇಷ್ಟನ್ನೇ ಕಟ್ಟಿಕೊಂಡು ಕಡಲಿನವರೆಗೆ ನಡೆದುಹೋದ. ಹಡಗಿನಲ್ಲಿ ಇಬ್ಬರು ಮಕ್ಕಳನ್ನು ನೀರಿಗೆ ಕೊಟ್ಟ. ಬ್ರೆಜಿಲ್ ದೇಶದ ತೆಂಕಣ ಕಾಡಿನಲ್ಲಿ ಇಳಿದು, ಸರ್ಕಾರ ತೋರಿಸಿದ ಕಡೆ ಮರ ಕಡಿದು, ಉಳಿದ ಮೂವರನ್ನು ಸಾಕಿದ. ಆ ಜಾಗಕ್ಕೆ ಈಗಲೂ ವೆಲ್ಟರ್ ಸಾಲು ಎಂದೇ ಹೆಸರು.

ಅವನ ಮಗ ನಿಕ್ಲಾಸ್, ಮಳೆಗಾಲದಲ್ಲಿ ಹೆಣವನ್ನೂ ದಾಟಿಸಲು ಬಿಡದಿದ್ದ ಹೊಳೆಗೆ ಮರದ ಸೇತುವೆ ಕಟ್ಟಿದ. ನಿಕ್ಲಾಸನ ಸೊಸೆ ಕಾತರೀನಾ ಹೇಸರಗತ್ತೆಯ ಮೇಲೆ ಕೂತು ಸುತ್ತಲ ಕಾಡುಮನೆಗಳಲ್ಲಿ ಹೆರಿಗೆ ಮಾಡಿಸಿದಳು. ಅವಳ ಕೈಯಲ್ಲಿ ಹುಟ್ಟಿದವರೇ ಅವಳ ಹೆಣ ಹೊತ್ತರು. ಅವಳ ಮೊಮ್ಮಗ ಅರ್ವೀನೊ. ಯುದ್ಧದ ಕಾಲದಲ್ಲಿ ಅಲ್ಲಿನ ಸರ್ಕಾರ ನಮ್ಮ ಮಾತನ್ನು ಬಾಯಲ್ಲಿ ಆಡಕೂಡದೆಂದು ಕಟ್ಟಳೆ ಮಾಡಿತಲ್ಲ, ಆಗ ಅವನು ಉಳುವಾಗ ಎತ್ತಿಗೆ ನಮ್ಮ ಮಾತಿನಲ್ಲಿ ಬೈದನೆಂದು ಪೋಲೀಸರು ಹಿಡಿದು ಒಳಗೆ ಹಾಕಿದರು. "ಸ್ವಾಮಿ, ನಾ ಬೇಕಾರೆ ಸುಮ್ಕಿರ್ತೀನಿ. ಎತ್ತಿಗೆ ನಿಮ್ ಮಾತು ಯಾರು ಕಲಿಸ್ತಾರೆ?" ಎಂದನಂತೆ. ಅದಕ್ಕೂ ಒಂದು ರಾತ್ರಿ ಹೆಚ್ಚಿಗೆ ಕೂರಿಸಿದರು.

ಆ ಅರ್ವೀನೊನ ಮೊಮ್ಮಗಳು ಲೋಯ್ವಾ. ಹದಿನಾರು ತುಂಬಿದ ಮೇಲೆ, ಮಕ್ಕಳನ್ನು ದೇಶದಿಂದ ದೇಶಕ್ಕೆ ಒಂದು ವರ್ಷ ಓದಲು ಕಳಿಸುವ ಸಂಸ್ಥೆಯೊಂದರ ಮೂಲಕ ಅವಳು ನಮ್ಮೂರಿಗೆ ಬಂದಳು. ಬೇರೆ ಮಕ್ಕಳು ಬರ್ಲಿನ್ ಕೇಳುತ್ತಾರೆ, ಮ್ಯೂನಿಕ್ ಕೇಳುತ್ತಾರೆ. ಇವಳು ಹುನ್ಸ್‌ರೂಕ್ ದಿಣ್ಣೆಯ ಮೇಲಿನ, ಬಸ್ಸು ಬಂದರೆ ನಾಯಿ ಬೊಗಳುವ ಊರು ಬೇಕೆಂದು ಬರೆದಿದ್ದಳು. ಔಲರ್ ಮನೆಯವರು ಒಪ್ಪಿದರು.

ಔಲರ್ ಮನೆಯಲ್ಲಿ ಮೇಲಿನ ಮಹಡಿಗೆ ಫೋಲ್ಕರ್, ಅವನ ಹೆಂಡತಿ ಬಿರ್ಗಿಟ್, ಮಗಳು ಮೈಕೆ. ಕೆಳಗೆ, ಅಂಗಳಕ್ಕೆ ಬಾಗಿಲಿರುವ ಎರಡು ಕೋಣೆಯಲ್ಲಿ ಫೋಲ್ಕರನ ತಾಯಿ ಎರ್ನಾ. ಫೋಲ್ಕರನದು ಮನೆಮನೆಗೆ ಬಿಸಿನೀರಿನ ಕೊಳವೆ, ಬಾಯ್ಲರ್ ಕೂರಿಸುವ ಕೆಲಸ. ಉಷ್ಣಮಾಪಕ ಹೇಳಿದ್ದಷ್ಟೇ ನಂಬುವ ಆಸಾಮಿ. ಬಿರ್ಗಿಟ್ ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ಮೈಕೆಗೂ ಹದಿನಾರು.

ರೈಲು ನಿಲ್ದಾಣದಲ್ಲಿ ಲೋಯ್ವಾ ಇಳಿದವಳೇ ಬಿರ್ಗಿಟ್‌ಳ ಕೈ ಹಿಡಿದು, "ಚಿಕ್ಕವ್ವಾ, ಸಂದಾಕಿದ್ದೀರಾ? ದಾರೀಲಿ ತ್ರಾಸಾಗ್ಲಿಲ್ವಾ ಬರಾಕೆ?" ಎಂದಳು.

ಬಿರ್ಗಿಟ್ ಗಂಡನ ಮುಖ ನೋಡಿದಳು. "ಬಿರ್ಗಿಟ್ ಅಂತ ಕರಿ, ಸಾಕು. ನೀನು... ಈ ಭಾಷೆ ಎಲ್ಲಿ ಕಲಿತೆ?"

"ಕಲಿಯೋದೇನು ಬಂತು, ಮನೇಲಿ ಆಡಾದೇ ಇಂಗೆ."

ಮೈಕೆ ಸೂಟ್‌ಕೇಸ್ ಎತ್ತುವ ನೆಪದಲ್ಲಿ ಆಚೆ ತಿರುಗಿದಳು. ಭುಜ ಕುಣಿಯುತ್ತಿತ್ತು, ನಗು.

ನೂರೈವತ್ತು ವರ್ಷ ಕಾಡಿನಲ್ಲಿ ಬಚ್ಚಿಟ್ಟ ಮಾತು ಅದು. ಇಲ್ಲಿ ಅದನ್ನು ಆಡುವವರು ನಾವು ಒಂದಷ್ಟು ಮುದುಕರು ಮಾತ್ರ. ಶಾಲೆ, ರೇಡಿಯೋ ಎರಡೂ ಸೇರಿ ನಮ್ಮ ಮಕ್ಕಳ ನಾಲಗೆಯನ್ನು ಉಜ್ಜಿ ನುಣುಪು ಮಾಡಿದ್ದವು. ಹಾಗಾಗಿ ಲೋಯ್ವಾ ತರಗತಿಯಲ್ಲಿ ಬಾಯಿ ತೆರೆದ ಮೊದಲ ದಿನವೇ ಹಿಂದಿನ ಬೆಂಚಿನಿಂದ ಮಾತು ಬಿತ್ತು: "ನೋಡ್ರೋ, ನಮ್ಮಜ್ಜಿ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ಬಂದಿದ್ದಾಳೆ!" ಮೇಷ್ಟ್ರೂ ನಕ್ಕರು, ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಒಂದು ತಿಂಗಳು ಕಳೆಯುವುದರಲ್ಲಿ ಹುಡುಗಿ ಶಾಲೆಯಲ್ಲಿ ಪುಸ್ತಕದ ಭಾಷೆ ಆಡಲು ಕಲಿತಳು. ಕಲಿತಳು ಅಂದರೆ, ಪ್ರತಿ ಮಾತನ್ನೂ ಬಾಯಿಗೆ ಬರುವ ಮುಂಚೆ ಜರಡಿ ಹಿಡಿಯುತ್ತಿದ್ದಳು. ಜರಡಿ ಹಿಡಿಯುವವರು ಹೆಚ್ಚು ಮಾತಾಡುವುದಿಲ್ಲ.

ಮಾತೆಲ್ಲ ಸಂಜೆಗೆ, ಕೆಳಗಿನ ಮನೆಗೆ. ಹುಡುಗಿ ಬಾಗಿಲು ತಟ್ಟುವ ಮೊದಲೇ ಎರ್ನಾ ಕೂಗುತ್ತಿದ್ದಳು: "ಬಾ ಮಗಾ, ಒಳೀಕ್ ಬಾ, ಗಾಳಿನೂ ಜೊತೇಲಿ ಕರ್ಕೊಂಡ್ ಬರ್ಬ್ಯಾಡ."

ಲೋಯ್ವಾ ತನ್ನೂರಿನ ಸೋರೆಬುರುಡೆಯಲ್ಲಿ ಹಸಿರು ಸೊಪ್ಪಿನ ಕಷಾಯ ಕಾಯಿಸಿ, ಬೆಳ್ಳಿಯ ಕೊಳವೆ ಇಟ್ಟು ಕೊಟ್ಟರೆ ಎರ್ನಾ ಒಂದು ಗುಟುಕು ಹೀರಿ ಮುಖ ಕಿವಿಚುತ್ತಿದ್ದಳು. "ಇದ್ ಕುಡ್ಯಾಕೆ ನಿಮ್ಮೋರು ಕಡಲು ದಾಟಿ ಓದ್ರಾ? ಇಲ್ಲೇ ಹುಲ್ಲು ಇರ್ಲಿಲ್ವಾ?"

"ಮೂರ್ ದಿನ ಕುಡೀರಿ, ನಾಕ್ನೇ ದಿನ ನೀವೇ ಕೇಳ್ತೀರಿ."

"ನಾಕ್ನೇ ದಿನಕ್ಕೆ ನಾ ಇರ್ಬೇಕಲ್ಲವ್ವಾ."

ಕೇಳಿದಳು, ನಾಲ್ಕನೆಯ ದಿನವೇ. ಆಮೇಲೆ ದಿನವೂ ಕುಡಿದಳು. ಇಬ್ಬರೂ ಆಲೂಗಡ್ಡೆ ಸುಲಿಯುತ್ತಾ, ಇಲ್ಲಿ ಸತ್ತವರ ಸುದ್ದಿ ಇವಳು, ಅಲ್ಲಿ ಸತ್ತವರ ಸುದ್ದಿ ಅವಳು, ಹೇಳಿಕೊಳ್ಳುತ್ತಿದ್ದರು. ಹೆಸರುಗಳು ಅವೇ, ಸತ್ತ ರೀತಿಗಳು ಮಾತ್ರ ಬೇರೆ. ಹುಡುಗಿಗೆ ಆ ವರ್ಷ ಅಂದರೆ ಆ ಎರಡು ಕೋಣೆ. ಆ ಮನೆಯಲ್ಲಿ ವರ್ಷ ಪೂರೈಸಿಬಿಟ್ಟರೆ ಸಾಕು, ಮಿಕ್ಕದ್ದು ಹೇಗೋ ಆಗುತ್ತದೆ ಎಂದು ಎದುರುಮನೆಯ ನನ್ನ ಬಳಿಯೇ ಎಷ್ಟೋ ಸಲ ಹೇಳಿದ್ದಳು. ಸಂಸ್ಥೆಯ ನೇಮ ಅವಳಿಗೆ ಗೊತ್ತಿತ್ತು: ಮನೆಯವರು ಒಂದು ಮಾತು ಫೋನಿನಲ್ಲಿ ಹೇಳಿದರೆ ಸಾಕು, ಹುಡುಗಿಯನ್ನು ಬೇರೆ ಮನೆಗೆ ಎತ್ತಿಹಾಕುತ್ತಾರೆ.

ಫೆಬ್ರವರಿಗೆ ಎರ್ನಾಗೆ ಎಂಬತ್ತು. ನಮ್ಮಲ್ಲಿ ಎಂಬತ್ತು ಅಂದರೆ ಮನೆಯ ಸಮಾಚಾರವಲ್ಲ, ಊರಿನದು. ಪಂಚಾಯ್ತಿ ಅಧ್ಯಕ್ಷ ಹಣ್ಣು, ಸಾಸೇಜು, ವೈನು ತುಂಬಿದ ಬುಟ್ಟಿ ಹೊತ್ತು ಬರಬೇಕು, ಪಾದ್ರಿ ಬರಬೇಕು, ಅಗ್ನಿಶಾಮಕ ದಳದ ಹುಡುಗರು ಹಿತ್ತಾಳೆಯ ವಾದ್ಯ ಊದಬೇಕು, ಪತ್ರಿಕೆಯವನು ಫೋಟೋ ಹಿಡಿಯಬೇಕು. ಫೋಲ್ಕರ್ ಊರಿನ ಸಭಾಭವನ ಹಿಡಿದ. ಎರ್ನಾ ಹೊಸ ನೀಲಿ ಉಡುಪು ಹೊಲಿಸಿ, ದಿನಾ ಅದನ್ನು ಬೀರುವಿನಿಂದ ತೆಗೆದು ಮತ್ತೆ ಒಳಗಿಡುತ್ತಿದ್ದಳು.

ಇನ್ನೊಂದು ಕಟ್ಟು ನಮ್ಮಲ್ಲಿ ಎಲ್ಲಕ್ಕಿಂತ ಬಿಗಿ. ಹುಟ್ಟಿದ ದಿನದ ಹಾರೈಕೆ ಆ ದಿನ ಹುಟ್ಟುವ ಮುಂಚೆ ಬಾಯಿಂದ ಬೀಳಕೂಡದು. ಒಂದು ದಿನ ಮೊದಲು ಹಾರೈಸಿದರೆ ಹಾರೈಸಿಕೊಂಡವರು ಆ ದಿನ ಕಾಣುವುದಿಲ್ಲ ಎನ್ನುತ್ತಾರೆ. ತಡವಾದರೆ ತೊಂದರೆಯಿಲ್ಲ, ವಾರ ಕಳೆದ ಮೇಲೆ ಹೇಳಿದರೂ ನಕ್ಕು ಕೈ ಕುಲುಕುತ್ತಾರೆ. ದೇವರನ್ನು ನಂಬದವರೂ ಇದನ್ನು ಮುರಿಯುವುದಿಲ್ಲ. ಹಿಂದಿನ ದಿನ ಭವನದಲ್ಲಿ ಮೇಜು ಜೋಡಿಸುವಾಗ ಕಾವಲುಗಾರ ಹೊರ್ಸ್ಟ್, "ಏನಪ್ಪಾ ಫೋಲ್ಕರ್, ಅಮ್ಮನಿಗೆ ನನ್ನ ಶುಭ..." ಎನ್ನುತ್ತಿದ್ದಂತೆ ಆ ಉಷ್ಣಮಾಪಕದ ಮನುಷ್ಯ, "ಶ್! ಬಾಯ್ಮುಚ್ಚೋ ಮಾರಾಯಾ, ಇನ್ನೂ ಆಗಿಲ್ಲ!" ಎಂದು ಮೇಜನ್ನು ಕೈಯಲ್ಲೇ ಹಿಡಿದು ಬೆದರಿಸಿದ್ದ. ನಾನು ಇನ್ನೊಂದು ತುದಿ ಹಿಡಿದಿದ್ದೆ.

ವೆಲ್ಟರ್ ಸಾಲಿನ ಕಟ್ಟಳೆ ಬೇರೆ. ಕಾಡಿನಲ್ಲಿ ಮನೆಯಿಂದ ಮನೆಗೆ ಅರ್ಧ ದಿನದ ದಾರಿ. ಆ ದಿನ ಬರಲಾಗದವರು ಮೊದಲೇ ಬಂದು ಹರಸಿ ಹೋಗಬೇಕು. ತಡವಾಗಿ ಬಂದವನು ಮರೆತವನು. ಮರೆತದ್ದಕ್ಕಿಂತ ದೊಡ್ಡ ಅವಮಾನ ಅಲ್ಲಿಲ್ಲ.

ಎರ್ನಾಗೆ ಎಂಬತ್ತು ತುಂಬುವ ಶುಕ್ರವಾರವೇ ಲೋಯ್ವಾಳಿಗೆ ಕೊಲೋನ್ ನಗರದಲ್ಲಿ ಸಂಸ್ಥೆಯ ಶಿಬಿರ, ತಪ್ಪಿಸುವಂತಿಲ್ಲ. ಬಿರ್ಗಿಟ್ ಹೇಳಿದ್ದಳು, "ಪರವಾಗಿಲ್ಲ ಬಿಡು, ವಾಪಸ್ ಬಂದ ಮೇಲೆ ಹೇಳಿದ್ರಾಯ್ತು." ಇದು ಬಾಯಿಮಾತಿನ ಉಪಚಾರ ಎಂದುಕೊಂಡಳು ಹುಡುಗಿ. ಗುರುವಾರ ಶಾಲೆಯಿಂದ ಬಂದವಳೇ, ಮೇಲೆ ಯಾರೂ ಇಲ್ಲದ ಹೊತ್ತಿನಲ್ಲಿ, ತನ್ನವ್ವ ಮಾಡುವ ಹಾಗೆ ಹಿಟ್ಟು ಉಬ್ಬಿಸಿ, ಮೇಲೆ ಸಕ್ಕರೆ ಬೆಣ್ಣೆಯ ಉದುರು ಹಾಕಿ ಕೇಕು ಬೇಯಿಸಿದಳು. ಬಾದಾಮಿಯಿಂದ ಎಂಟು, ಸೊನ್ನೆ ಬರೆದಳು. ಒಂದು ಮೇಣದಬತ್ತಿ ಹಚ್ಚಿ ಕೆಳಗೆ ಹೊತ್ತುಕೊಂಡು ಹೋಗಿ, ಹೊಸ್ತಿಲಲ್ಲೇ ನಿಂತು ಹಾಡು ಶುರು ಮಾಡಿದಳು.

ಎರ್ನಾ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ನಿಂತಿತು.

"ಎರ್ನಜ್ಜೀ, ಎಂಬತ್ ತುಂಬ್ತು, ನೂರ್ ಕಾಣ್ರವ್ವಾ!"

"ಇವತ್ತು ಯಾವ ವಾರ ಮಗಾ?"

"ಬೇಸ್ತವಾರ. ನಾಳೀಕ್ ನಾ ಇಲ್ಲಿ ಇರಾಕಿಲ್ವಲ್ಲ. ಬಂದ್ಮ್ಯಾಕೆ ಯೋಳುದ್ರೆ ಮರ್ತಂಗಾಯ್ತದೆ. ಅದ್ಕೇಯಾ."

ಎರ್ನಾ ಬತ್ತಿಯನ್ನು ನೋಡಿದಳು, ಹುಡುಗಿಯ ಮೊಣಕೈವರೆಗೆ ಅಂಟಿದ್ದ ಹಿಟ್ಟನ್ನು ನೋಡಿದಳು. ಉಫ್ ಎಂದು ಊದಿದಳು. ಒಂದು ಹೋಳು ಕುಯ್ದುಕೊಂಡು, ಕೊನೆಯ ಉದುರಿನವರೆಗೆ ತಿಂದಳು. ಆಮೇಲೆ, "ಮ್ಯಾಲಿನೋರ್ಗೆ ಯೋಳ್ಬ್ಯಾಡ" ಎಂದಳು.

ಎರ್ನಾಗೆ ಸಕ್ಕರೆ ಕಾಯಿಲೆ; ಸಿಹಿ ಮುಟ್ಟಿದರೆ ಬಿರ್ಗಿಟ್ ಬೈಯುತ್ತಿದ್ದಳು. ಹುಡುಗಿ ಅದಕ್ಕೇ ಎಂದುಕೊಂಡು ಕಣ್ಣು ಮಿಟುಕಿಸಿ, ನಕ್ಕು, ಮರುದಿನ ಬೆಳಕು ಹರಿಯುವ ಮುಂಚಿನ ಬಸ್ಸಿಗೆ ಹೊರಟುಹೋದಳು.

ಎಂಟು ಗಂಟೆಯ ಹೊತ್ತಿಗೆ ಹೂವಿನಂಗಡಿಯವನು ಅಂಗಳದಲ್ಲಿ ಗಂಟೆ ಒತ್ತಿದ. ಎರ್ನಾ ಬಾಗಿಲು ತೆರೆದು, ಮನೆಯೊಳಗಿನ ಚಪ್ಪಲಿಯಲ್ಲೇ ಹೊರಗಿನ ಕಲ್ಲುಮೆಟ್ಟಿಲಿಗೆ ಕಾಲಿಟ್ಟಳು. ರಾತ್ರಿ ಬಿದ್ದ ಇಬ್ಬನಿ ಗಾಜಾಗಿ ಕೂತಿತ್ತು. ಹೂವಿನವನು ಎರಡೂ ಕೈಯಲ್ಲಿ ಹೂಗುಚ್ಛ ಹಿಡಿದಿದ್ದ. ಅವನಿಗೆ ಹಿಡಿಯಲು ಕೈ ಇರಲಿಲ್ಲ. ಜಾರಿ ಬಿದ್ದ ಎರ್ನಾಳ ಸೊಂಟದ ಮೂಳೆ ಮುರಿಯಿತು. ಹತ್ತು ಗಂಟೆಗೆ ಬುಟ್ಟಿ ಹೊತ್ತು ಬಂದ ಅಧ್ಯಕ್ಷ ಬೀಗ ಹಾಕಿದ ಬಾಗಿಲ ಮುಂದೆ ಟೋಪಿ ತೆಗೆದು ನಿಂತಿದ್ದ, ಏನು ಮಾಡುವುದೆಂದು ತಿಳಿಯದೆ.

ಭಾನುವಾರ ಲೋಯ್ವಾ ಮರಳಿದಳು. ಬಸ್ಸಿಳಿದು, ಕೊಲೋನಿನಿಂದ ತಂದ ಸುಗಂಧದ ಬಾಟಲಿಯನ್ನು ಕೋಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ನೇರ ಕೆಳಮನೆಗೆ ನುಗ್ಗಿದಳು. ಒಳಗೆ ಎರ್ನಾ ಇರಲಿಲ್ಲ. ಅವಳ ಮಗಳು ಗಿಜೆಲಾ ಇದ್ದಳು, ಫೋಲ್ಕರನ ಅಕ್ಕ, ಪಕ್ಕದ ಊರಿಗೆ ಕೊಟ್ಟವಳು. ಆಸ್ಪತ್ರೆಗೆ ಬಟ್ಟೆ ಕಟ್ಟಲು ಬಂದಿದ್ದಳು. ಕೆಡುವ ಪದಾರ್ಥ ಎಸೆಯೋಣವೆಂದು ಫ್ರಿಜ್ಜು ತೆರೆದಿದ್ದಳು. ಅವಳ ಕೈಯಲ್ಲಿ ಆ ಕೇಕಿನ ತಟ್ಟೆ ಇತ್ತು. ಸೊನ್ನೆ ಮಾತ್ರ ಉಳಿದಿತ್ತು.

"ಅಮ್ಮ ಬಿದ್ದಿದ್ದಾರೆ, ಆಪರೇಷನ್ ಆಯ್ತು" ಎಂದು ಎರಡೇ ಮಾತಲ್ಲಿ ಮುಗಿಸಿ, "ಇದು ಯಾವಾಗಿಂದು?" ಎಂದಳು.

ಹುಡುಗಿ ಕೋಟಿನೊಳಗಿನ ಬಾಟಲಿಯನ್ನು ಒತ್ತಿ ಹಿಡಿದಳು. "ಹಿಂದಿನ ದಿನದ್ದು. ನಾನೇ ಮಾಡಿದ್ದು."

"ಹಿಂದಿನ ದಿನ ಕೊಟ್ಟೆಯಾ? ಕೊಟ್ಟು, ಹಾರೈಸಿದೆಯಾ?"

"ಹೂಂ. ಹಾಡೂ ಹೇಳಿದೆ."

ಗಿಜೆಲಾ ತಟ್ಟೆಯನ್ನು ಮೇಜಿನ ಮೇಲೆ, ಸತ್ತ ಇಲಿಯನ್ನು ಇಡುವ ಹಾಗೆ ಇಟ್ಟಳು. ಮೇಲಿನ ಮಹಡಿಗೆ ಹೋಗಿ ಹೇಳಿದಳು. ಆಮೇಲೆ ಪಕ್ಕದ ಮನೆಯ ಬೇಲಿಗೂ ಹೇಳಿದಳು.

ಆ ಸಂಜೆ ಊಟಕ್ಕೆ ಎಂದಿನಂತೆ ಬ್ರೆಡ್ಡು, ಚೀಸು, ಉಪ್ಪಿನಕಾಯಿ ಸೌತೆ, ಪುದೀನ ಚಹಾ. ಫೋಲ್ಕರ್ ಚಾಕು ಹಿಡಿದು, ಯಾರನ್ನೂ ನೋಡದೆ ಹೇಳಿದ: "ಮಂಜುಗಡ್ಡೆ ಇತ್ತು, ಮೆಟ್ಟಿಲು ಜಾರಿತು. ಅಷ್ಟೆ. ಉಳಿದಿದ್ದೆಲ್ಲ ಮೂಢನಂಬಿಕೆ."

"ಯಾರೂ ನಿನ್ನ ಮೇಲೆ ತಪ್ಪು ಹೊರಿಸ್ತಿಲ್ಲ, ಲೋಯ್ವಾ" ಎಂದಳು ಬಿರ್ಗಿಟ್.

ಮರುದಿನವೂ ಅದನ್ನೇ ಹೇಳಿದಳು. ಅದರ ಮರುದಿನವೂ. ತಪ್ಪಿಲ್ಲ, ತಪ್ಪಿಲ್ಲ ಎಂದು ದಿನಾ ಹೇಳಿದರೆ ಅದೂ ಒಂದು ದೂರೇ. ಫೋಲ್ಕರ್ ಊಟದ ಮೇಜಿಗೆ ತಡವಾಗಿ ಬರತೊಡಗಿದ. ಇಡೀ ಹುನ್ಸ್‌ರೂಕಿನ ಬಾಯ್ಲರುಗಳು ಒಟ್ಟಿಗೇ ಕೆಟ್ಟ ಹಾಗೆ. ಬೆಣ್ಣೆಯ ಬಟ್ಟಲು ಲೋಯ್ವಾಳ ಪಕ್ಕದಲ್ಲಿದ್ದರೆ ಯಾರೂ ಕೇಳುತ್ತಿರಲಿಲ್ಲ, ಎದ್ದು ಬಂದು ತೆಗೆದುಕೊಳ್ಳುತ್ತಿದ್ದರು.

ಹೊರಗೆ ಮಾತಿಗೆ ಕಾಲು ಬಂದಿತ್ತು. ಬೇಕರಿಯ ರೋಸ್ವಿತಾ ಬ್ರೆಡ್ಡು ಸುತ್ತುತ್ತಾ, "ನಾನೇನೂ ಅದನ್ನೆಲ್ಲ ನಂಬೋಳಲ್ಲಪ್ಪಾ. ಆದ್ರೂ ನೋಡಿ, ಬರೋಬ್ಬರಿ ಆ ದಿನಾನೇ!" ಎನ್ನುತ್ತಿದ್ದಳು. ನಂಬುವುದಿಲ್ಲ ಎಂದು ಅವಳು ಹೇಳದ ಗಿರಾಕಿಯೇ ಉಳಿಯಲಿಲ್ಲ. ಬಸ್ ನಿಲ್ದಾಣದಲ್ಲಿ ಹುಡುಗರು ಇನ್ನೂ ಮುಂದೆ ಹೋದರು. ಲೋಯ್ವಾ ಬಂದರೆ ಒಬ್ಬ ಸೊಂಟ ಹಿಡಿದು ಕುಂಟುತ್ತಾ, "ಏ ಬ್ರೆಜಿಲ್, ನನ್ನ ಬರ್ತ್‌ಡೇ ಮಾರ್ಚ್‌ನಲ್ಲಿದೆ. ದಯವಿಟ್ಟು ಮರೆತುಬಿಡಮ್ಮಾ, ನಂಗೆ ಕಾಲು ಬೇಕು, ಫುಟ್ಬಾಲ್ ಆಡೋನು!" ಎನ್ನುತ್ತಿದ್ದ. ಮೈಕೆ ಆ ಗುಂಪಿನಲ್ಲೇ ನಿಂತಿರುತ್ತಿದ್ದಳು. ನಗುತ್ತಿರಲಿಲ್ಲ, ತಡೆಯುತ್ತಲೂ ಇರಲಿಲ್ಲ.

ಒಂದು ದಿನ ಲೋಯ್ವಾ ಮೆಟ್ಟಿಲ ಮೇಲೆ ಅವಳನ್ನು ಅಡ್ಡಗಟ್ಟಿ ಕೇಳಿದಳು. "ಬೈಯೋದಿದ್ರೆ ಬೈದುಬಿಡು ಮೈಕೆ. ಹೀಗೆ ಇರಬೇಡ."

ಮೈಕೆ ಬ್ಯಾಗು ಕೆಳಗಿಟ್ಟಳು. "ಕೇಕಿಗೆ ಬೈತೀನಾ ನಾನು? ನಮ್ಮಜ್ಜಿ ಅವರು. ಹದಿನಾರು ವರ್ಷ ಒಂದೇ ಮನೇಲಿದ್ದೀನಿ. ನಾನು ಕೆಳಗೆ ಹೋದ್ರೆ ಶಾಲೆ ಹೇಗಿದೆ, ಊಟ ಆಯ್ತಾ, ಅಷ್ಟೇ. ನೀನು ಬಂದ ಮೇಲೆ ರಾತ್ರಿವರೆಗೂ ನಗು ಕೇಳಿಸ್ತಿತ್ತು. ನನ್ನ ಜೊತೆ ಯಾವತ್ತಾದ್ರೂ ಹಾಗೆ ನಕ್ಕಿದ್ದಾರಾ ಕೇಳು. ಈಗ ನನಗೆ ಅವರು ಇಲ್ಲ, ನೀನು ಮಾತ್ರ ಇದ್ದೀಯ, ಅವರ ಥರ ಮಾತಾಡ್ಕೊಂಡು."

ಅವತ್ತಿನಿಂದ ಲೋಯ್ವಾ ಮನೆಯಲ್ಲೂ ಪುಸ್ತಕದ ಭಾಷೆಯನ್ನೇ ಆಡಿದಳು.

ಆಸ್ಪತ್ರೆಯಿಂದ ಬರುತ್ತಿದ್ದ ಸುದ್ದಿ ಒಳ್ಳೆಯದಿರಲಿಲ್ಲ. ಮೂಳೆ ಕೂಡಿತು, ಆದರೆ ಎರ್ನಾ ನೆಲಕ್ಕೆ ಕಾಲಿಡಲು ಒಪ್ಪುತ್ತಿಲ್ಲ. ನಡೆಸಲು ಬಂದವರಿಗೆ ಬೆನ್ನು ತೋರಿಸಿ ಮಲಗುತ್ತಾಳೆ. ನುಣುಪು ಭಾಷೆಯನ್ನು ಕಂಬಳಿಯ ಹಾಗೆ ಒದ್ದುಬಿಟ್ಟು ಹಳೆಯ ಮಾತಿನಲ್ಲೇ ಗೊಣಗುತ್ತಾಳೆ. ದಾದಿಯರಿಗೆ ಅರ್ಧ ತಿಳಿಯುವುದಿಲ್ಲ. ಲೋಯ್ವಾ, "ನಾನೂ ಬರಲಾ?" ಎಂದು ಫೋಲ್ಕರನನ್ನು ಕೇಳಿದಳು.

"ಈಗ ಬೇಡ. ಸದ್ಯಕ್ಕೆ ಮನೆಯವರು ಮಾತ್ರ."

ಅವನು ಯೋಚಿಸಿ ಆಡಿದ ಮಾತಲ್ಲ ಅದು. ಆದರೆ ಆಡಿದ್ದಾಗಿತ್ತು. ಹುಡುಗಿ ಅದನ್ನು ನುಂಗಿಕೊಂಡು, ಶನಿವಾರ ಯಾರಿಗೂ ಹೇಳದೆ ಬಸ್ಸು ಹತ್ತಿ, ಜಿಲ್ಲಾಕೇಂದ್ರದ ಆಸ್ಪತ್ರೆಗೆ ಒಬ್ಬಳೇ ಹೋದಳು. ಅಲ್ಲಿ ನಡೆದದ್ದನ್ನು ಎರ್ನಾ ನನಗೆ ಆಮೇಲೆ ಹೇಳಿದಳು. ಹುಡುಗಿ ಹೇಳಿದ್ದಕ್ಕೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಎರ್ನಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಲೋಯ್ವಾ ಮಂಚದ ಪಕ್ಕ ನಿಂತೇ ಇದ್ದಳು. "ಎರ್ನಜ್ಜೀ, ನಾನು ಕಣವ್ವಾ."

"ಗೊತ್ತಾಯ್ತು. ಹೆಜ್ಜೆ ಸಪ್ಪಳಕ್ಕೇ ಗೊತ್ತಾಯ್ತು. ಬಾಗ್ಲು ಮುಚ್ಚು, ಗಾಳಿ ಬತ್ತದೆ."

"ನಂಗೊತ್ತಿರ್ಲಿಲ್ಲ ಅಜ್ಜೀ. ನಮ್ ಕಡೆ ಅಂಗಿಲ್ಲ. ಮುಂಚೆ ಯೋಳುದ್ರೆ ನಮ್ಮೋರು ಖುಷಿ ಪಡ್ತಾರೆ."

"ನಿಂಗೊತ್ತಿರ್ಲಿಲ್ಲ. ನಂಗೊತ್ತಿತ್ತು." ಮುದುಕಿ ನಿಧಾನಕ್ಕೆ ಈಚೆ ಹೊರಳಿದಳು, ನೋವಿಗೆ ಹಲ್ಲು ಕಚ್ಚಿದ್ದಳು. "ಬತ್ತಿ ಆರ್ಸೋ ಮುಂಚೇನೇ ಗೊತ್ತಿತ್ತು. ಬ್ಯಾಡ ಅಂತ ಒಂದ್ ಮಾತು ಅನ್ನಬಹುದಿತ್ತು. ಕೈಗೆಲ್ಲ ಹಿಟ್ಟು ಮೆತ್ಕೊಂಡು ನಿಂತಿದ್ದೆ ನೀನು. ಗೊತ್ತಿದ್ದೂ ತಿಂದೆ."

ಹುಡುಗಿ ಕಾದಳು. ಅದರಿಂದೇನೂ ಆಗಲಿಲ್ಲ, ನೀನು ಕಾರಣವಲ್ಲ, ಜಾರಿದ್ದು ಮಂಜಿಗೆ, ಇಷ್ಟು ಮಾತು ಆ ಬಾಯಿಂದ ಬಂದರೆ ಸಾಕಿತ್ತು. ಮುದುಕಿ ಅದನ್ನು ಹೇಳಲಿಲ್ಲ. ಅವಳಿಗೆ ಸುಳ್ಳು ಹೇಳಿ ರೂಢಿಯಿಲ್ಲ, ಅವಳು ಅದನ್ನು ನಂಬುವವಳು.

"ನೀ ಅಂದಿದ್ದೂ ತಪ್ಪೇ, ನಾ ತಿಂದಿದ್ದೂ ತಪ್ಪೇ. ಒಬ್ಬಳ ತಲೇ ಮ್ಯಾಲೆ ಹಾಕ್ಬ್ಯಾಡ. ಅರ್ಧ ನಿಂದು, ಅರ್ಧ ನಂದು."

"ಒಟ್ಟೂ ನಂಗೇ ಇರ್ಲಿ ಬುಡಿ."

"ಯಾಕ್ ಬುಡ್ಲಿ? ಎಂಬತ್ ವರ್ಸದೋಳು ನಾನು. ನನ್ ಪಾಲು ಕಿತ್ಕೊಳಾಕೆ ನೀ ಯಾವಳು?" ಎಂದು ಗದರಿ, ಮುದುಕಿ ಕಣ್ಣು ಮುಚ್ಚಿದಳು.

ಬಸ್ಸಿನಲ್ಲಿ ಮರಳುವಾಗ ಹುಡುಗಿ ಅತ್ತಳಂತೆ. ಹಗುರಾಗಿ ಅಲ್ಲ. ಊರಿನವರು ಪಿಸುಗುಟ್ಟಿದ್ದನ್ನು ಅವಳು ಪ್ರೀತಿಸುವ ಬಾಯಿಯೇ ಹೌದೆಂದಿತ್ತು.

ಅವಳು ಆಸ್ಪತ್ರೆಗೆ ಹೋದದ್ದು ಮನೆಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ದಾದಿಯೊಬ್ಬಳು ಗಿಜೆಲಾಗೆ, "ನಿಮ್ಮಮ್ಮನ ಮೊಮ್ಮಗಳು ಬಂದಿದ್ದಳು, ಅಜ್ಜಿಯ ಭಾಷೆಯಲ್ಲೇ ಮಾತಾಡ್ತಾಳೆ" ಎಂದಳಂತೆ. ಗಿಜೆಲಾ ಫೋನಿನಲ್ಲಿ ತಮ್ಮನ ಮೇಲೆ ಹರಿಹಾಯ್ದಳು. "ಅಮ್ಮ ಹಾಸಿಗೆ ಬಿಟ್ಟೇಳ್ತಿಲ್ಲ, ನೀನು ಆ ಹುಡುಗೀನ ಅಲ್ಲಿಗೂ ಬಿಟ್ಟೆಯಾ? ಒಂದೋ ಅವಳಿಗೆ ಬೇರೆ ಮನೆ ನೋಡು, ಇಲ್ಲಾ ಅಮ್ಮನ್ನ ನಾನು ನಮ್ಮನೆಗೆ ಕರ್ಕೊಂಡು ಹೋಗ್ತೀನಿ." ಫೋಲ್ಕರ್ ಫೋನು ಕಿವಿಯಿಂದ ದೂರ ಹಿಡಿದು ಕೇಳಿಸಿಕೊಂಡ. ಬಿರ್ಗಿಟ್ ಆ ಸಂಜೆ ಸಂಸ್ಥೆಯ ಡೋರಿಸ್ ಹೆಬೆಲ್‌ಗೆ ಫೋನು ಮಾಡಿದಳು.

ಡೋರಿಸ್ ನಿವೃತ್ತ ಟೀಚರು. ನಮ್ಮ ಸೀಮೆಯಲ್ಲಿ ಹೀಗೆ ಬಂದ ಮಕ್ಕಳ ಕಷ್ಟಸುಖ ನೋಡಿಕೊಳ್ಳುವವಳು. ಒಳ್ಳೆಯ ಹೆಂಗಸು. ಮುಂದಿನ ಭಾನುವಾರ ಕಾಫಿಯ ಹೊತ್ತಿಗೆ ತನ್ನ ಸಣ್ಣ ಕೆಂಪು ಕಾರಿನಲ್ಲಿ ಬಂದಳು, ಹಿಂದಿನ ಸೀಟು ಖಾಲಿ ಮಾಡಿಕೊಂಡೇ ಬಂದಿದ್ದಳು. ಬಿರ್ಗಿಟ್ ನನಗೂ ಬರಲು ಹೇಳಿದ್ದಳು; ಹುಡುಗಿ ನನ್ನ ಮಾತು ಕೇಳುತ್ತಾಳೆ ಎಂಬ ಲೆಕ್ಕ ಅವಳದ್ದು. ಹಿಂದಿನ ದಿನ ನಾನೂ ಲೋಯ್ವಾಳಿಗೆ, ಹೋಗುವುದೇ ಒಳ್ಳೆಯದೇನೋ ಎಂದಿದ್ದೆ.

ಮೇಜಿನ ಮೇಲೆ ಅಂಗಡಿಯಿಂದ ತಂದ ಕೇಕಿತ್ತು. ಯಾರೂ ಕುಯ್ಯಲಿಲ್ಲ.

"ಲೋಯ್ವಾ, ನಿನಗೆ ಒಳ್ಳೆ ಸುದ್ದಿ ತಂದಿದ್ದೀನಿ" ಎಂದಳು ಡೋರಿಸ್. "ಮೈನ್ಸ್ ನಗರದಲ್ಲಿ ಒಂದು ಮನೆಯವರು ಒಪ್ಪಿದ್ದಾರೆ. ಇಬ್ಬರೂ ಚಿಕ್ಕ ವಯಸ್ಸಿನವರು, ಗಂಡ ಸಂಗೀತದ ಮೇಷ್ಟ್ರು. ಶಾಲೆ ಹತ್ತಿರ. ಅಲ್ಲಿ ಬ್ರೆಜಿಲಿನ ಇನ್ನೊಬ್ಬಳು ಹುಡುಗಿನೂ ಇದ್ದಾಳೆ. ಇದು ಶಿಕ್ಷೆ ಅಲ್ಲಮ್ಮಾ, ತಿಳ್ಕೊ. ಇಲ್ಲಿ ಯಾರ ತಪ್ಪೂ ಇಲ್ಲ."

"ನಮಗೂ ಇಷ್ಟವಿಲ್ಲ" ಎಂದಳು ಬಿರ್ಗಿಟ್. ಅವಳ ಕಣ್ಣು ನಿಜವಾಗಿಯೂ ತುಂಬಿತ್ತು. "ಆದ್ರೆ ನೀನು ಊಟ ಬಿಟ್ಟಿದ್ದೀಯ, ಮೈಕೆ ಮಾತು ಬಿಟ್ಟಿದ್ದಾಳೆ. ಅತ್ತೆ ಮುಂದಿನ ವಾರ ಬರ್ತಾರೆ, ಗಾಲಿಕುರ್ಚೀಲಿ ಕೂತ್ಕೊಂಡು. ಗಿಜೆಲಾ ದಿನಾ ಬಂದು ಹೋಗ್ತಾರೆ. ನಿನ್ನ ಕೈಲಿ ತಡ್ಕೊಳಕ್ಕೆ ಆಗಲ್ಲ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಫೋಲ್ಕರ್ ಚಮಚದಿಂದ ಖಾಲಿ ಬಟ್ಟಲನ್ನು ತಿರುವುತ್ತಿದ್ದ. "ನಿನ್ನನ್ನ ಯಾರೂ ಓಡಿಸ್ತಿಲ್ಲ. ಇರ್ತೀನಿ ಅಂದ್ರೆ ನಾನೇ ಗಿಜೆಲಾಗೆ ಹೇಳ್ತೀನಿ. ಆದ್ರೆ ಯೋಚನೆ ಮಾಡು."

"ಯೋಚನೆ ಮಾಡಕ್ಕೆ ಏನಿದೆ?" ಎಂದಳು ಮೈಕೆ ತಲೆಯೆತ್ತದೆ. "ಬಟ್ಟೆ ಮಡಿಚೋಕೆ ನಾನು ಸಹಾಯ ಮಾಡ್ತೀನಿ."

ಅದು ಕುಹಕವೋ ಕರುಣೆಯೋ, ಅವಳಿಗೂ ತಿಳಿದಿರಲಿಲ್ಲ ಎಂದು ತೋರುತ್ತದೆ. ಡೋರಿಸ್ ಎದ್ದು, ಹುಡುಗಿಯ ಭುಜದ ಮೇಲೆ ಕೈಯಿಟ್ಟು, "ಬಾ, ಇವತ್ತೇ ಹೊರಟುಬಿಡೋಣ. ಕಷ್ಟವಾದ ಕೆಲಸ ಬೇಗ ಮುಗಿಸಬೇಕು. ಸಾಮಾನೆಲ್ಲ ನಾನೇ ಹೊರ್ತೀನಿ" ಎಂದಳು.

ಲೋಯ್ವಾ ಆ ಕೈಯನ್ನು ಮೆಲ್ಲಗೆ ತೆಗೆದು, ಮೇಜಿನ ಮೇಲೆ ಇಟ್ಟಳು. ವಾರಗಳಿಂದ ಜರಡಿ ಹಿಡಿದ ಬಾಯಿ ತೆರೆಯಿತು. ಎಲ್ಲರ ಮುಂದೆಯೂ, ಮೈಕೆಯ ಮುಂದೆಯೂ, ಹಳೆಯ ಮಾತಿನಲ್ಲೇ ಹೇಳಿದಳು:

"ನಿಮ್ ಕಾರು ಬ್ಯಾಡ ಟೀಚರವ್ವಾ. ನಿಮ್ ಉಪ್ಕಾರ ದೊಡ್ದು, ಇಲ್ಲ ಅನ್ನಾಕಿಲ್ಲ. ಅಜ್ಜಿ ತಪ್ಪಲ್ಲಿ ಅರ್ಧ ತನ್ದು ಅಂದವ್ಳೆ, ಇನ್ನರ್ಧ ನಂದೇಯಾ. ನಾನದನ್ನ ಮೈನ್ಸಿಗೆ ಒತ್ಕೊಂಡೋದ್ರೆ ಅಲ್ಲಿ ಇಳ್ಸಾಕೆ ಯಾರವ್ರೆ? ಗಿಜೆಲಕ್ಕ ಬೈದ್ರೆ ಬೈಸ್ಕೊಳ್ತೀನಿ. ಅಜ್ಜಿ ಗೋಡೆ ಕಡೀಕ್ ಮುಖ ಮಾಡುದ್ರೆ ಗೋಡೆ ಪಕ್ಕಕ್ಕೇ ಓಗಿ ಕುತ್ಕೊಳ್ತೀನಿ. ನನ್ನೇನೂ ಎತ್ತಿ ಕಾಪಾಡ್ಬ್ಯಾಡಿ ಯಾರೂವೆ. ನಾ ಎಲ್ಲೂ ಬರಾಕಿಲ್ಲ."